ಪ್ಯಾನ್‌ಕೇಕಿನ ಪಂಕ್ತಿಯಲ್ಲಿ ಮೊದಲು ಏಳುವವರು ಯಾರು?

ಹೆಣ್ಣು ನೋಡುವ ಶಾಸ್ತ್ರವನ್ನು ಹೋಟೆಲಿನಲ್ಲಿ ಇಟ್ಟುಕೊಳ್ಳೋಣ ಎಂದವಳು ನಾನೇ. ನಮ್ಮವರು ಇದನ್ನು ಹೊತ್ತು ಹೊತ್ತಿಗೆ ನೆನಪಿಸುತ್ತಿರುವುದರಿಂದ ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಎರಡು ವರ್ಷಗಳಿಂದ ಬಂದ ಸಂಬಂಧಕ್ಕೆಲ್ಲ ಮೂಗು ಮುರಿಯುತ್ತಿದ್ದ ಮಗಳು ನಿಖಿತಾ, ಕಾಪುವಿನ ಪ್ರತೀಕನ ಫೋಟೋ ಕಂಡು ಮೊದಲ ಬಾರಿಗೆ “ನೋಡುವ” ಎಂದಿದ್ದಳು. ಅವಳ ಬಾಯಲ್ಲಿ ಅದು ದೊಡ್ಡ ಮಾತು. ಮನೆಗೇ ಕರೆಸಿದರೆ ಇಡೀ ಬಜಗೋಳಿ ನಮ್ಮ ಅಂಗಳದ ಕಾರನ್ನು ನೋಡುತ್ತದೆ. ಆಮೇಲೆ ಸಂಬಂಧ ತಪ್ಪಿದರೆ ಎಲ್ಲರಿಗೂ ಉತ್ತರ ಕೊಡುತ್ತ ಕೂರುವವಳು ನಾನು. ಅವರ ಮನೆಯೂ ಬೇಡ, ನಮ್ಮ ಮನೆಯೂ ಬೇಡ, ನಡುವೆ ಮಣಿಪಾಲ ಇದೆಯಲ್ಲ ಎಂದೆ. ಹುಡುಗನ ತಾಯಿ ಜಲಜಾಕ್ಷಿ ಮಸ್ಕತ್ತಿನಲ್ಲಿ ಇದ್ದು ಬಂದವರು. ಅವರನ್ನು ಬಾಳೆಹಣ್ಣಿನ ಬನ್ಸಿಗೆ ಕರೆದರೆ ಹಗುರವಾದೀತೆಂದು ಅಮೆರಿಕದ ಊಟ ಸಿಗುವ ಹೊಸ ಹೋಟೆಲನ್ನೇ ಆರಿಸಿದೆ.

ಬಾಗಿಲಲ್ಲೇ ‘ಅಮೆರಿಕನ್ ಕಂಫರ್ಟ್ ಫುಡ್’ ಎಂಬ ಬೋರ್ಡು.

“ಕಂಫರ್ಟ್ ಅಂದ್ರೆ ಎಂತ?” ನಮ್ಮವರು ಕೇಳಿದರು. (ಹೆಸರು ಅಣ್ಣು. ನಾನು ಹೆಸರು ಹಿಡಿದು ಕರೆಯುವುದಿಲ್ಲ. ಕರೆಯದೆಯೇ ಬರುತ್ತಾರೆ.)

“ಆರಾಮ.”

“ಹಾಗಾದ್ರೆ ಮಲಗಿಕೊಂಡು ತಿನ್ನುವುದಾ ಮಾರಾಯ್ತಿ?”

“ಬಾಯಿ ಮುಚ್ಚಿಕೊಂಡು ತಿನ್ನುವುದು. ಅಗೋ, ಹುಡುಗ, ಅವನ ಅಪ್ಪ ಅಮ್ಮ ಬಂದ್ರು.”

ಕೆಂಪು ಏಪ್ರನ್ನಿನ ಹುಡುಗಿ ಇಂಗ್ಲಿಷಿನಲ್ಲಿ ಏನೋ ಉದ್ದಕ್ಕೆ ಹೇಳಿದಳು. ನಮ್ಮವರು ಎಲ್ಲ ಅರ್ಥವಾದವರಂತೆ ತಲೆ ಆಡಿಸಿದರು. ಪ್ಯಾನ್‌ಕೇಕ್ ಬಂತು. ಸೆಟ್ ದೋಸೆಯಷ್ಟು ದಪ್ಪ, ಮೇಲೆ ಬೆಣ್ಣೆ, ಬೆಣ್ಣೆಯ ಮೇಲೆ ಸಿಹಿ ಪಾಕ, ಪಕ್ಕದಲ್ಲಿ ಹುರಿದ ಕೋಳಿ! ಕೋಳಿಗೆ ಪಾಕ ತಾಗದಂತೆ ತಿನ್ನಬೇಕೋ, ತಾಗಿಸಿಯೇ ತಿನ್ನಬೇಕೋ? ಜಲಜಾಕ್ಷಿ ತಾಗಿಸಿದ ಹಾಗೆ ಕಂಡಿತು, ನಾನೂ ತಾಗಿಸಿದೆ. (ಅವರು ನನ್ನನ್ನು ನೋಡಿ ತಾಗಿಸಿದ್ದೆಂದು ಆಮೇಲೆ ತಿಳಿಯಿತು.)

“ನೀರ್‌ದೋಸೆ ಕೋಳಿಯನ್ನು ಅಮೆರಿಕಕ್ಕೆ ಕಳಿಸಿ ವಾಪಸ್ ತರಿಸಿದ ಹಾಗೆ ಉಂಟು,” ಎಂದರು ನಮ್ಮವರು. ನಾನು ಮೇಜಿನಡಿಯಲ್ಲಿ ಅವರ ಕಾಲು ತುಳಿದೆ.

ಹುಡುಗ ಹುಡುಗಿ ಅರ್ಧ ತಿಂದು, ಮಾತಾಡಿ ಬರುತ್ತೇವೆ ಎಂದು ಹೊರಗೆ ಹೋದರು. ಕಷ್ಟ ಶುರುವಾದದ್ದು ಆಮೇಲೆ.

ಎಲೆಯಲ್ಲಿ ಬಿಡಬಾರದು, ಪಂಕ್ತಿಯಲ್ಲಿ ಮೊದಲು ಏಳಬಾರದು ಎಂದು ನನ್ನನ್ನು ಬೆಳೆಸಿದ್ದಾರೆ. ಆದ್ದರಿಂದ ತಟ್ಟೆ ಚೊಕ್ಕ ಮಾಡಿದೆ. ಏಪ್ರನ್ ಹುಡುಗಿ ಓಡಿ ಬಂದು ಇನ್ನೆರಡು ಹಾಕಿದಳು. ಅದನ್ನೂ ಮುಗಿಸಿದೆ, ಮತ್ತೆರಡು ಬಿತ್ತು. ಆಮೇಲೆ ಗೊತ್ತಾದದ್ದು, ಭಾನುವಾರ ಅಲ್ಲಿ ಎಷ್ಟು ಬೇಕಾದರೂ ಹಾಕುತ್ತಾರಂತೆ, ಸಾಕಾದವರು ತಟ್ಟೆಯಲ್ಲಿ ಸ್ವಲ್ಪ ಬಿಡಬೇಕಂತೆ. ನಮ್ಮವರು ತಲೆ ಆಡಿಸಿದ್ದು ಈ ಮಾತಿಗೆ! ಕೈ ಅಡ್ಡ ಹಿಡಿಯೋಣವೆಂದರೆ ಎದುರು ಜಲಜಾಕ್ಷಿಯ ತಟ್ಟೆಗೂ ಬೀಳುತ್ತಿತ್ತು. ಅವರು ತಿನ್ನುವಾಗ ನಾನು ಸಾಕೆಂದರೆ, ನೀವು ಹೊಟ್ಟೆಬಾಕರು ಎಂದ ಹಾಗಾಗುವುದಿಲ್ಲವೇ? ಮನೆಯಲ್ಲಾದರೆ ಬಡಿಸುವವಳು ನಾನು, ಏಳುವವರು ಅವರು. ಇಲ್ಲಿ ನಾನು ಮನೆಯವಳೋ, ನೆಂಟಳೋ? ಎಷ್ಟು ಯೋಚಿಸಿದರೂ ತಲೆಬುಡ ತಿಳಿಯಲಿಲ್ಲ. ಯೋಚಿಸುತ್ತ ಇನ್ನೊಂದು ತಿಂದೆ.

“ಇನ್ನೊಂದು ಹಾಕಿಸಿಕೊಳ್ಳಿ ಜಲಜಕ್ಕ.”

“ಅಯ್ಯೋ, ನೀವು ಹಾಕಿಸಿಕೊಂಡ್ರೆ ನಾನೂ.”

“ನೀವು ತಿಂದ್ರೆ ನನಗೆ ಖುಷಿ.”

ಆ ಖುಷಿಗೆ ನನ್ನ ಕಣ್ಣಲ್ಲಿ ನೀರು ಬರುತ್ತಿತ್ತು.

“ಕುಶಲಾ, ಸಾಕು ಮಾಡು,” ನಮ್ಮವರು ಪಿಸುಗುಟ್ಟಿದರು.

“ಮಗಳ ಮದುವೆ ಆಗ್ಬೇಕಾ, ಬೇಡ್ವಾ?”

“ಆಗ್ಬೇಕು. ಆದ್ರೆ ಅದಕ್ಕೆ ಅವಳ ತಾಯಿಯೂ ಇರ್ಬೇಕಲ್ಲ!”

ಇಷ್ಟು ಹೇಳಿ, ಕೈ ತೊಳೆಯುವ ನೆಪದಲ್ಲಿ ಹುಡುಗನ ತಂದೆಯನ್ನೂ ಕರೆದುಕೊಂಡು ಹೋದವರು ತಿರುಗಿ ಬರಲಿಲ್ಲ. ರಣರಂಗದಲ್ಲಿ ಉಳಿದವರು ಇಬ್ಬರು ಬೀಗಿತ್ತಿಯರು ಮಾತ್ರ.

ಕೊನೆಗೂ ಮಕ್ಕಳು ಬಂದರು.

“ಅಮ್ಮಾ! ಇನ್ನೂ ತಿಂತಾ ಇದ್ದೀರಾ?” ನಿಖಿತಾ ಬೆಚ್ಚಿಬಿದ್ದಳು.

“ಅದು ಇರ್ಲಿ. ನೀವು ಎಂತ ತೀರ್ಮಾನ ಮಾಡಿದ್ರಿ?”

“ನಮ್ಮದು ಒಪ್ಪಿಗೆ, ಆಂಟಿ. ನೀವು ಒಮ್ಮೆ ಏಳಿ,” ಎಂದ ಪ್ರತೀಕ್.

ಜಲಜಾಕ್ಷಿ ಫೋರ್ಕ್ ಎಸೆದು ಎದ್ದು ಮಗನನ್ನು ಅಪ್ಪಿಕೊಂಡರು. ನನಗೂ ಸಂತೋಷ ತಡೆಯಲಾಗಲಿಲ್ಲ. ಆದರೂ ತಟ್ಟೆಯಲ್ಲಿ ಬಿಡಬಾರದಲ್ಲ, ಕೊನೆಯ ತುಂಡನ್ನು ಬಾಯಿಗೆ ಹಾಕಿಕೊಂಡೇ ಎದ್ದೆ. ಅಷ್ಟರಲ್ಲಿ ಏಪ್ರನ್ ಹುಡುಗಿ ಚಪ್ಪಾಳೆ ತಟ್ಟುತ್ತ ಬಂದು ನನ್ನ ತಲೆಗೆ ಕಾಗದದ ಕಿರೀಟ ಇಟ್ಟು ಫೋಟೋ ಹೊಡೆದಳು. ಸಂಬಂಧ ಕೂಡಿ ಬಂದದ್ದಕ್ಕೆ ಹೋಟೆಲಿನವರ ಶುಭಾಶಯ ಇರಬೇಕೆಂದು ನಾನು ಬಾಯ್ತುಂಬ ನಕ್ಕೆ.

ಮಂಗಳವಾರ ಕಾಪುವಿನಿಂದ ಜಲಜಾಕ್ಷಿಯ ಫೋನು.

“ಕುಶಲಕ್ಕ, ನಿಮ್ಮ ಫೋಟೋ ಹೋಟೆಲಿನ ಗೋಡೆಯಲ್ಲಿ ಉಂಟಂತೆ? ಪ್ಯಾನ್‌ಕೇಕ್ ರಾಣಿ ಅಂತ ಬರೆದಿದ್ದಾರಂತೆ? ನನ್ನ ತಂಗಿ ನೋಡಿ ಬಂದ್ಲು.”

“ಅದು ಸಂಬಂಧ ಕೂಡಿ ಬಂದದ್ದಕ್ಕೆ ಇಟ್ಟ ಕಿರೀಟ ಅಲ್ವಾ?” ಎಂದೆ.

“ಸರಿಸಮ ತಿಂದವರು ನಾವಿಬ್ಬರು. ಮಗನ ಖುಷಿಗೆ ಒಂದು ತುಂಡು ಬಿಟ್ಟೆ, ಅಷ್ಟೇ. ಗಂಡಿನ ಕಡೆಯವರು ಸೋತದ್ದು ಅಂತ ಊರಲ್ಲಿ ನಗುವುದಿಲ್ವಾ? ಮೊದಲು ಅದು ಸರಿಯಾಗ್ಲಿ, ನಿಶ್ಚಿತಾರ್ಥದ ದಿನ ಆಮೇಲೆ ನೋಡುವ.”

ನಿಖಿತಾ ಅಳುತ್ತ ಕೂತಳು. “ಎರಡು ವರ್ಷದಲ್ಲಿ ಒಬ್ಬ ಇಷ್ಟ ಆದ, ಅವನನ್ನೂ ನೀವು ತಿಂದುಬಿಟ್ರಿ ಅಮ್ಮಾ!” ಹೋಟೆಲಿಗೆ ಫೋನು ಮಾಡಿ ಫೋಟೋ ತೆಗೆಯಿರಿ ಎಂದು ಬೇಡಿಕೊಂಡೆ. ನನಗಿಂತ ಹೆಚ್ಚು ತಿನ್ನುವವರು ಬರುವ ತನಕ ತೆಗೆಯುವ ಕ್ರಮ ಇಲ್ಲವಂತೆ.

ಹಾಗಾಗಿ ಈ ಭಾನುವಾರ ಜಲಜಾಕ್ಷಿಯ ಜೊತೆ ಪುನಃ ಮಣಿಪಾಲ, ಅವರು ನನ್ನ ಲೆಕ್ಕ ದಾಟಬೇಕು. ಒಂದೇ ಒಂದು ತಿಂದು ಸೋತು ಬರುತ್ತೇನೆ, ಮಗಳ ಸಂಬಂಧ ಉಳಿಯುತ್ತದೆ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ನಿನ್ನೆ ಜಲಜಾಕ್ಷಿ ಮತ್ತೆ ಫೋನು ಮಾಡಿದರು.

“ಬೇಕೆಂದೇ ಸೋಲುವುದು ಎಲ್ಲ ಬೇಡ ಕುಶಲಕ್ಕ, ನನಗೂ ಒಂದು ಮರ್ಯಾದೆ ಉಂಟು. ಹೊಟ್ಟೆ ಬಿರಿಯುವಷ್ಟು ತಿಂದೇ ಸೋಲಬೇಕು, ಆಯ್ತಾ?”