ಎರಡನೇ ಭಾಗ ಬಿಡುವ ಮಾತೇ ಇಲ್ಲ

ಕತ್ತರಿ ಹಿಡಿದವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ದರ್ಜಿಗಳಿಗೆ ವಿನಾಯಿತಿ ಉಂಟು, ಅವರು ಕತ್ತರಿಸಿದ್ದನ್ನು ಮತ್ತೆ ಹೊಲಿಯುತ್ತಾರೆ. ಉಳಿದವರು ಹಾಗಲ್ಲ. ಕತ್ತರಿಸಿ ಕೈ ಝಾಡಿಸಿಕೊಂಡು, "ಈಗ ನೋಡ್ರಿ, ಹ್ಯಾಂಗ ಚಂದ ಆಗ್ಯದ" ಎನ್ನುತ್ತಾರೆ. ನನ್ನ ತಕರಾರು ಇಷ್ಟೇ: ಚಂದ ಮಾಡಿಕೊಡು ಅಂತ ನಿನ್ನನ್ನು ಕೇಳಿದವರು ಯಾರು? ಇದನ್ನು ಹಠ ಅನ್ನುವವರಿದ್ದಾರೆ. ಅನ್ನಲಿ. ಆಳಂದದ ಕಾಲೇಜಿನಲ್ಲಿ ಇಷ್ಟು ವರ್ಷ ರಸಾಯನಶಾಸ್ತ್ರ ಕಲಿಸಿದ್ದೇನೆ. ಹಠ ಇಲ್ಲದಿದ್ದರೆ ಯಾವತ್ತೋ ಆವಿಯಾಗಿ ಹೋಗಿರುತ್ತಿದ್ದೆ.

ನನ್ನ ಹಠದ ಮೂಲ ಒಂದು ರ‍್ಯಾಪ್ ಆಲ್ಬಮ್ಮು. ಅಮೆರಿಕದ ಒಬ್ಬ ಹಾಡುಗಾರನದು. ಹೆಸರು ಹೇಳುವುದಿಲ್ಲ, ನಮ್ಮ ಮನೆಯಲ್ಲಿ ಆ ಹೆಸರೆತ್ತಿದರೆ ಅತ್ತೆ ಈಗಲೂ ಎದ್ದು ಒಳಗೆ ಹೋಗುತ್ತಾರೆ. ಕಲಬುರಗಿಯ ಹಾಸ್ಟೆಲಿನಲ್ಲಿದ್ದಾಗ ಗೆಳತಿಯೊಬ್ಬಳು ಪುಣೆಯಿಂದ ತಂದುಕೊಟ್ಟದ್ದು. ಒಂದೇ ಡಬ್ಬಿಯಲ್ಲಿ ಎರಡು ಕ್ಯಾಸೆಟ್, ಮೊದಲನೇ ಭಾಗ, ಎರಡನೇ ಭಾಗ. ಲೋಕದಲ್ಲಿ ಈ ಆಲ್ಬಮ್ಮಿನ ಬಗ್ಗೆ ದೊಡ್ಡ ವಾದವೇ ಇದೆಯಂತೆ. ಎರಡನ್ನೂ ಸೋಸಿ ಒಂದೇ ಮಾಡಿದ್ದರೆ ಅದಕ್ಕೆ ಸಮನಾದದ್ದು ಇರುತ್ತಿರಲಿಲ್ಲ ಅಂತ ತಿಳಿದವರು ಬರೆಯುತ್ತಾರೆ. ಬರೆಯಲಿ. ನನ್ನ ಪ್ರಕಾರ ಅದು ಇದ್ದಷ್ಟೇ ಇರಬೇಕು. ಮನುಷ್ಯ ಉಸಿರು ಕಟ್ಟಿಕೊಂಡು ಅಷ್ಟು ಹೊತ್ತು ಮಾತಾಡಿದ್ದಾನೆ ಅಂದಮೇಲೆ ಅವನಿಗೆ ಏನೋ ಹೇಳುವುದಿತ್ತು.

ಮದುವೆಯಾಗಿ ಬರುವಾಗ ಟ್ರಂಕಿನಲ್ಲಿ ಸೀರೆಗಳ ನಡುವೆ ಆ ಡಬ್ಬಿಯನ್ನು ಇಟ್ಟುಕೊಂಡು ಬಂದೆ. ನನ್ನ ಗಂಡ ಮಲ್ಲಿಕಾರ್ಜುನ ಒಮ್ಮೆ ಕೇಳಿ, "ಯಾರ ಜೋಡಿ ಜಗಳಾಡಾಕತ್ತಾನ ಇವ?" ಅಂತ ವಿಚಾರಿಸಿ, ಸುದ್ದಿ ಕೇಳಲು ಎದ್ದು ಹೋದರು. ಬಲೆಗೆ ಬಿದ್ದವನು ಮೈದುನ ಸಿದ್ಧಾರಾಮ. ಆಗ ಅವನು ಹೈಸ್ಕೂಲು. ನಾನು ರೊಟ್ಟಿ ಬಡಿಯುತ್ತಾ ಒಂದೊಂದೇ ಸಾಲಿನ ಅರ್ಥ ಹೇಳುತ್ತಿದ್ದೆ, ಅವನು ಒಲೆಯ ಪಕ್ಕ ಕುಳಿತು ತಿರುಗಿ ಹೇಳುತ್ತಿದ್ದ. ಮೊದಲನೇ ಭಾಗದ ಎರಡನೇ ಹಾಡು ನಮ್ಮಿಬ್ಬರದೂ. ಅದರ ಲಯಕ್ಕೆ ರೊಟ್ಟಿ ಬಡಿದರೆ ರೊಟ್ಟಿ ಎಂದೂ ಹರಿಯುತ್ತಿರಲಿಲ್ಲ. ಅಲ್ಲಿಂದ ಕಲಿತ ಒಂದು ಶಬ್ದವನ್ನು ಅವನು ಇಂಗ್ಲಿಷ್ ಮಾಸ್ತರರ ಮೇಲೆ ಪ್ರಯೋಗಿಸಿ ಬಂದ ದಿನವೇ ಅತ್ತೆ ಆ ಹಾಡುಗಾರನನ್ನು ಮನೆಯಿಂದ ಬಹಿಷ್ಕರಿಸಿದ್ದು.

ಸಿದ್ಧಾರಾಮ ಈಗ ಅಫಜಲಪುರದಲ್ಲಿ ವಿಡಿಯೋ ಸ್ಟುಡಿಯೋ ಇಟ್ಟಿದ್ದಾನೆ. ಲಗ್ನ, ಕುಬುಸ, ತೊಟ್ಟಿಲು, ಯಾವುದಿದ್ದರೂ ಶೂಟಿಂಗ್ ಮಾಡಿ ಕತ್ತರಿಸುವುದು ಅವನ ಉದ್ಯೋಗ. ಅರ್ಧ ದಿನದ ಲಗ್ನವನ್ನು ಒಂದು ಚಹಾ ಕುಡಿಯುವಷ್ಟರಲ್ಲಿ ಮುಗಿಸಿಬಿಡುತ್ತಾನೆ. ಒಮ್ಮೆ ಗೊಬ್ಬೂರಿನ ಲಗ್ನವೊಂದರಲ್ಲಿ ವರನ ಸೋದರತ್ತೆಯನ್ನೇ ಪೂರಾ ಕತ್ತರಿಸಿ ಹಾಕಿದ. ಆಕೆ ಸ್ಟುಡಿಯೋಕ್ಕೆ ಬಂದು, "ನಾ ಬಂದಿದ್ನೋ ಇಲ್ಲೋ ಹೇಳಪಾ, ನನಗs ಸಂಶಯ ಬರಾಕತ್ತದ" ಅಂದಳಂತೆ. ಇಂಥವನ ಕೈಗೆ ನನ್ನ ಆಲ್ಬಮ್ಮು ಸಿಕ್ಕಿತು.

ಕಳೆದ ತಿಂಗಳು ಅವನ ಮನೆಗೆ ಹೋಗಿ ಹೊರಟಾಗ ಕಾರಿನ ಹತ್ತಿರ ಬಂದು ಒಂದು ಪೆನ್ ಡ್ರೈವ್ ಕೊಟ್ಟ. "ವೈನಿ, ನಿಮ್ಮ ಆಲ್ಬಮ್ ಇದರಾಗ ಹಾಕೀನಿ. ಹಾದ್ಯಾಗ ಕೇಳಕೋತ ಹೋಗ್ರಿ" ಅಂದ. ಖುಷಿಯಿಂದ ಹಚ್ಚಿಕೊಂಡು ಹೊರಟೆ. ಅಫಜಲಪುರ ದಾಟುವ ಹೊತ್ತಿಗೆ ಮೊದಲನೇ ಹಾಡು ಮುಗಿಯಿತು. ಎರಡನೆಯದಕ್ಕೆ ಸ್ಟೇರಿಂಗ್ ಮೇಲೆ ಬೆರಳು ಬಡಿಯಲು ಸಿದ್ಧಳಾದೆ. ಬಂದದ್ದು ಐದನೇ ಹಾಡು! ಮುಂದೆ ಒತ್ತಿ ನೋಡಿದೆ. ಎರಡನೇ ಭಾಗದ್ದು ಬರೀ ಮೂರು ಹಾಡು ಉಳಿದಿವೆ. ಒಟ್ಟು ಹನ್ನೊಂದು. ಚಹಾದಂಗಡಿಯ ಮುಂದೆ ಕಾರು ನಿಲ್ಲಿಸಿ, ಕೆಳಗಿಳಿದು ಫೋನ್ ಹಚ್ಚಿದೆ.

"ಸರಿ ಮಾಡೀನಿ ವೈನಿ," ಅಂದ ಆ ಮಹಾಶಯ, ಸೋರುವ ನಳ ರಿಪೇರಿ ಮಾಡಿದವನ ಹಾಗೆ. "ಅದು ಒಂದು ಭಾಗದ್ದs ಮಾಲು. ಸುಮ್ಮ ಎಳದಾನ."

ನಾನು ಅಂಗಡಿಯ ಮುಂದೆ ನಿಂತಿದ್ದೇನೆ ಅನ್ನುವುದನ್ನು ಮರೆತೆ. "ಎರಡೂ ಭಾಗ ನನಗ ಬೇಕು! ಒಂದಿಂಚೂ ಬಿಡಂಗಿಲ್ಲ! ಒಂದs ಭಾಗ ಸಾಕು ಅನ್ನಾಕ ನೀ ಯಾರು? ನೀ ಈ ಮನಿಗೆ ಏನು ಮಾಡೀದಿ ಅಂತ ಕತ್ತರಿ ಹಾಕ್ತಿ?" ಅಂತ ಒದರಿದೆ. ಚಹಾ ಕುಡಿಯುತ್ತಿದ್ದವರು ಬಸಿಯಲ್ಲಿದ್ದ ಚಹಾ ಆರಿಸುವುದನ್ನು ನಿಲ್ಲಿಸಿದ್ದರು. ಅವರಲ್ಲಿ ನಮ್ಮ ದೂರದ ಸಂಬಂಧಿಕರೊಬ್ಬರೂ ಇದ್ದರು ಅನ್ನುವುದು ನನಗೆ ಆಮೇಲೆ ತಿಳಿಯಿತು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಮನೆತನದ ಹೊಲ ಎರಡು ಕಡೆ ಇದೆ. ಒಂದು ಆಳಂದದ ಹತ್ತಿರ, ಇನ್ನೊಂದು ಜೇವರ್ಗಿ ಕಡೆ. ಅಣ್ಣತಮ್ಮಂದಿರು ಇನ್ನೂ ಪಾಲು ಮಾಡಿಕೊಂಡಿಲ್ಲ. ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಕಿಣ್ಣಿ ಸುಲ್ತಾನ ಎಂಬ ಊರು ಮುಟ್ಟಿತ್ತು. ಅಲ್ಲಿರುವವರು ನಮ್ಮ ಅತ್ತೆಯ ಅಣ್ಣ ಚಂದ್ರಾಮಪ್ಪ ಮಾಮಾ. ಸುತ್ತಲಿನ ಊರುಗಳ ಅಣ್ಣತಮ್ಮಂದಿರ ಜಗಳ ಬಗೆಹರಿಸುವವರು. ಇತ್ತ ನಾನು, ಸಿದ್ಧಾರಾಮ ಮಾತು ಬಿಟ್ಟಿದ್ದೆವು. ಅತ್ತೆ ಊಟ ಕಡಿಮೆ ಮಾಡಿದ್ದರು. ಸಕ್ಕರೆ ಕಾಯಿಲೆಗೆ ಪಥ್ಯ ಮಾಡುತ್ತಿದ್ದಾರೆ ಅಂದುಕೊಂಡೆ.

ಒಂದು ಭಾನುವಾರ ಮಾಮಾ ಬಂದರು. ಸಿದ್ಧಾರಾಮನನ್ನೂ ಕರೆಸಿದ್ದರು. ಕೈಕಾಲು ತೊಳೆದು, ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ನನ್ನನ್ನು ಕರೆದರು.

"ಶಕುಂತಲಾ, ಎರಡೂ ಭಾಗ ನನಗs ಬೇಕು ಅಂದಿಯಂತ. ಖರೇನು?"

ಇವರಿಗೂ ಸಂಗೀತದ ಆಸಕ್ತಿ ಇದೆಯೇ ಅಂತ ನನಗೆ ಆಶ್ಚರ್ಯವಾಯಿತು. "ಖರೇ ಅದರಿ ಮಾಮಾ. ಯಾರ ಎದುರಿಗೆ ಬೇಕಾದರೂ ಹೇಳ್ತೇನಿ."

ಅತ್ತೆ ಬಾಗಿಲ ಮರೆಯಲ್ಲಿ ಮೂಗು ಸೇದಿದರು. ಮಾಮಾ ಸಿದ್ಧಾರಾಮನ ಕಡೆ ತಿರುಗಿದರು. "ನೀ ಏನಂತಿಲೇ?"

"ಒಂದs ಭಾಗ ಸಾಕ್ರಿ ಮಾಮಾ. ಎರಡನೇದ್ರಾಗ ಬರೇ ಕಳೆ ತುಂಬ್ಯದ."

"ಕಳೆ?" ಮಾಮಾ ಸಿಡಿದರು. "ಹೋದ ವಾರ ಜೇವರ್ಗಿಗೆ ಹೋಗಿ ನೋಡಿ ಬಂದೀನಿ. ತೊಗರಿ ಎದಿಮಟ ನಿಂತದ. ಎಲ್ಲ್ಯದ ಕಳೆ?"

ನಾನು ಸಿದ್ಧಾರಾಮನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ. ಮೊದಲು ನಕ್ಕವರು ನನ್ನ ಗಂಡ. ಕೈಯಲ್ಲಿದ್ದ ಪೇಪರು ಕೆಳಗೆ ಹಾಕಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ತಡವರಿಸುತ್ತ ಆಲ್ಬಮ್ಮಿನ ಸಂಗತಿ ಹೇಳಿದೆ. ಅತ್ತೆ ಹೊರಗೆ ಬಂದು, "ಹಾಡಿನ ಸಲುವಾಗಿ ಮಾತು ಬಿಟ್ರೇನು? ಮನಿ ಒಡೀತು ಅಂತ ನಾ ಇಲ್ಲಿ ಅನ್ನ ಬಿಟ್ಟೀನಿ!" ಅಂದರು. ಆ ಮಾತು ಮಾತ್ರ ನನಗೆ ನಾಟಿತು. ಹೋಗಿ ಅವರ ಕೈ ಹಿಡಿದುಕೊಂಡೆ. ಆದರೆ ಎರಡನೇ ಭಾಗ ಬಿಟ್ಟುಕೊಡುತ್ತೇನೆ ಅಂತ ಹೇಳಲಿಲ್ಲ.

ಮಾಮಾ ಹಾಗೇ ಎದ್ದು ಹೋಗುವವರಲ್ಲ. ನ್ಯಾಯ ಮಾಡಲು ಬಂದು, ಮಾಡದೆ ಹೋದರೆ ಊರಲ್ಲಿ ಮುಖ ತೋರಿಸುವುದು ಹೇಗೆ? "ಹಚ್ಚರಿ ಅದನ್ನ. ಪೂರಾ ಕೇಳೇ ಹೇಳ್ತೇನಿ" ಅಂದರು. ನನ್ನ ಫೋನಿನಲ್ಲಿ ಕತ್ತರಿ ಬೀಳದ ಮೂಲ ಪ್ರತಿ ಇತ್ತು. ಹಚ್ಚಿದೆ. ಮಾಮಾ ಕಣ್ಣು ಮುಚ್ಚಿ ಕುಳಿತರು. ಅವರಿಗೆ ಇಂಗ್ಲಿಷ್ ಬರುವುದಿಲ್ಲ, ಆದರೆ ನಡುನಡುವೆ, "ಈಗ ಏನಂದ?" ಅಂತ ಕೇಳುವುದು ಬಿಡಲಿಲ್ಲ. ಹಾಡುಗಾರ ತನ್ನ ವೈರಿಯ ವಂಶವನ್ನೆಲ್ಲ ಜಾಲಾಡುತ್ತಿದ್ದಾಗ, "ತನಗ ಆಗದವ್ರಿಗೆ ಬುದ್ಧಿ ಹೇಳಾಕತ್ತಾನ್ರಿ" ಅಂದೆ. "ಛಲೋ ಅದ, ಹೇಳಲಿ" ಅಂದರು. ಮೊದಲನೇ ಭಾಗ ಮುಗಿಯುವಷ್ಟರಲ್ಲಿ ಊಟವಾಯಿತು. ಎರಡನೇ ಭಾಗದ ನಡುವೆ ಹಾಡೇ ಅಲ್ಲದ ಒಂದು ತುಣುಕು ಇದೆ. ಫೋನ್ ರಿಂಗಾಗುತ್ತದೆ, ಇಬ್ಬರು ಗೆಳೆಯರು ಹಾಳುಹರಟೆ ಹೊಡೆಯುತ್ತಾರೆ, ಬಾಗಿಲು ದಢಾರನೆ ಮುಚ್ಚುತ್ತದೆ. ಜಗತ್ತಿನಲ್ಲಿ ಅದನ್ನು ಸಮರ್ಥಿಸುವವಳು ನಾನೊಬ್ಬಳೇ ಅಂದುಕೊಂಡಿದ್ದೆ. ಮಾಮಾ ಕಣ್ಣು ತೆರೆದು, "ಹಾಂ, ಇದು ಛಲೋ ಅದ. ಇನ್ನೊಮ್ಮೆ ಹಚ್ಚು" ಅಂದರು. ನಾನು ಸಿದ್ಧಾರಾಮನನ್ನು ಗೆದ್ದವಳ ಹಾಗೆ ನೋಡಿದೆ.

ಎಲ್ಲ ಮುಗಿದ ಮೇಲೆ ಮಾಮಾ ಗಂಟಲು ಸರಿಮಾಡಿಕೊಂಡರು. "ಒಂದs ಭಾಗ ಸಾಕು ಅಂಬೋದು ಖರೇ. ಎರಡನೇದು ಇಡ್ರಿ. ಮೊದಲನೇದು ತಗದು ಹಾಕ್ರಿ. ಅದರಾಗ ಬರೇ ಅವನ ಬಡಾಯಿ ಅದ. ಎರಡನೇದ್ರಾಗ ಮಂದಿ ಜೋಡಿ ಮಾತಾದ್ರೂ ಆಡ್ತಾನ."

ಮೊದಲನೇದು ತೆಗೆಯುವುದೇ! ನಾನು ಬಾಯಿ ತೆರೆಯುವ ಮೊದಲೇ ಸಿದ್ಧಾರಾಮ ಎದ್ದು ನಿಂತಿದ್ದ. "ಏನ್ ಮಾತಾಡ್ತೀರಿ ಮಾಮಾ? ಮೊದಲನೇದ್ರಾಗಿನ ಎರಡನೇ ಹಾಡು ಸರಿಯಾಗಿ ಕೇಳೀರೇನು?" ಅಂದವನೇ, ಊಟದ ಸ್ಟೀಲ್ ತಾಟನ್ನು ಬೋರಲು ಹಿಡಿದು ಬಡಿಯುತ್ತಾ, ಆ ಹಾಡನ್ನು ಮೊದಲಿನಿಂದ ಕೊನೆಯವರೆಗೆ ಒಂದಕ್ಷರ ತಪ್ಪದೆ ಹೇಳಿಬಿಟ್ಟ. ಒಲೆಯ ಪಕ್ಕ ನಾನು ತಪ್ಪಾಗಿ ಹೇಳಿಕೊಟ್ಟ ಒಂದು ಉಚ್ಚಾರವೂ ಹಾಗೇ ಇತ್ತು. "ಮತ್ತ ಇದನ್ಯಾಕ ಕತ್ತರಿಸಿದಿ?" ಅಂದೆ. "ಬಾಯಿಪಾಠ ಅದ ವೈನಿ. ಮತ್ತ ಕೇಳೋದು ಯಾಕ ಅಂತ ತಗದೆ," ಅಂದ. ಕತ್ತರಿಸುವವರ ತಲೆ ಹೀಗೂ ಓಡುತ್ತದೆ.

ಆಮೇಲೆ ನಾವಿಬ್ಬರೂ ಒಂದಾಗಿ ಮಾಮಾರ ಮೇಲೆ ಬಿದ್ದೆವು. ಅವರೂ ಹಿಂದೆ ಸರಿಯಲಿಲ್ಲ. ಫೋನಿನ ತುಣುಕಿಗೆ ಸಮನಾದದ್ದು ಮೊದಲನೇ ಭಾಗದಲ್ಲಿ ತೋರಿಸಿರಿ ಅಂತ ಸವಾಲು ಹಾಕಿದರು. ವಾದ ಬಿಸಿಯೇರಿತು. ನನ್ನ ದನಿ ಬೀದಿಗೆ ಕೇಳುತ್ತಿತ್ತು. ಆ ಭರದಲ್ಲಿ ನನ್ನ ಬಾಯಿಂದ ಹೊರಬಿತ್ತು: "ಮೊದಲನೇದು ಮುಟ್ಟಬ್ಯಾಡ್ರಿ ಮಾಮಾ! ಬೇಕಾದ್ರ ಎರಡನೇದ್ರಾಗಿನ ಎರಡು ಹಾಡು ಬಿಡಬಹುದು!"

ಸಿದ್ಧಾರಾಮ ತಾಟು ನಿಧಾನವಾಗಿ ಕೆಳಗಿಟ್ಟ. "ವೈನಿ," ಅಂದ, "ಈಗ ಏನಂದ್ರಿ?"

ಏನೂ ಅನ್ನಲಿಲ್ಲ ಅಂತ ಅಂದೇ ಹೇಳಿದ್ದೇನೆ, ಇವತ್ತೂ ಅದನ್ನೇ ಹೇಳುತ್ತೇನೆ. ಸಿಟ್ಟಿನಲ್ಲಿ ಆಡಿದ ಮಾತು ಯಾವ ನ್ಯಾಯದಲ್ಲೂ ನಡೆಯುವುದಿಲ್ಲ. ಮಾಮಾ ತಮ್ಮ ತೀರ್ಪು ಬದಲಿಸದೆ ಹೊರಟುಹೋದರು. ಅತ್ತೆ ಹೊಟ್ಟೆ ತುಂಬ ಊಟ ಮಾಡಿದರು. ಸಿದ್ಧಾರಾಮ ಈಗ ಮೊದಲಿಗಿಂತ ಹೆಚ್ಚು ಫೋನ್ ಮಾಡುತ್ತಾನೆ, ಪ್ರತಿ ಸಲವೂ ಕೊನೆಗೆ, "ಆ ಎರಡು ಹಾಡು ಯಾವು ವೈನಿ?" ಅಂತ ಮೆಲ್ಲಗೆ ಕೇಳುತ್ತಾನೆ. ನಾನು ಹೇಳುವುದಿಲ್ಲ. ಹೇಳಿದೆ ಅನ್ನಿ, ಅವನು ಮರುಕ್ಷಣವೇ, "ಬರೇ ಎರಡಲ್ಲ ವೈನಿ, ಇನ್ನೂ ಐದು ಅವ" ಅಂತ ಶುರು ಮಾಡುತ್ತಾನೆ. ಮತ್ತೆ ಆ ಐದರಲ್ಲಿ ಬಿಡಬಹುದಾದ ಮೂರು ಯಾವುವು ಅಂತ ನನಗೂ ಗೊತ್ತಿದೆ.