ತೊಳೆದದ್ದು ಹೊರಗಿರಬಾರದು

ಮೊಟ್ಟೆ ಇಡಲು ನಮ್ಮ ಕೋಳಿಗಳಿಗೆ ಯಾವ ತೊಂದರೆಯೂ ಇಲ್ಲ. ಇಡುತ್ತವೆ, ಬೀದಿಗೆಲ್ಲ ಕೇಳುವಂತೆ ಸಾರುತ್ತವೆ, ಕಾಳು ಹುಡುಕಿಕೊಂಡು ಹೊರಟುಬಿಡುತ್ತವೆ. ಆ ಮೊಟ್ಟೆಯನ್ನು ಅಡುಗೆಮನೆಯಲ್ಲಿ ಇಡುವುದಿದೆಯಲ್ಲ, ಅದು ನನ್ನ ಪಾಡು. ಗೂಡಿಗೂ ಅಡುಗೆಮನೆಗೂ ನಡುವೆ ಇರುವುದು ಹಿತ್ತಲ ಬಾಗಿಲೊಂದೇ. ಆ ಬಾಗಿಲಲ್ಲಿ ನನ್ನ ಹೆಂಡತಿ ನಿಂತಿರುತ್ತಾಳೆ.

ಮೂರು ಕೋಳಿ ತಂದವನು ನಾನು, ಬೇಡವೆಂದವಳು ಅವಳು. ಮೊದಲ ಮೊಟ್ಟೆಯನ್ನು ಅವಳು ತಣ್ಣೀರಿನ ನಲ್ಲಿಗೆ ಹಿಡಿದು ಪಾತ್ರೆ ಉಜ್ಜುವ ನಾರಿನಿಂದ ತಿಕ್ಕತೊಡಗಿದಾಗ, ವಿಜ್ಞಾನ ಓದಿದ ನನ್ನಿಂದ ಸುಮ್ಮನಿರಲಾಗಲಿಲ್ಲ. (ಸುಮ್ಮನಿದ್ದಿದ್ದರೆ ಇವತ್ತು ನಿಮ್ಮೆದುರು ಹೀಗೆ ಗೋಳು ತೋಡಿಕೊಳ್ಳುವ ಪ್ರಮೇಯ ಬರುತ್ತಿರಲಿಲ್ಲ.) ಮೊಟ್ಟೆಯ ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ, ಅವುಗಳ ಮೇಲೆ ಕೋಳಿಯೇ ಒಂದು ತೆಳು ಲೇಪ ಹಚ್ಚಿ ಕಳಿಸಿರುತ್ತದೆ, ಆ ಲೇಪವೇ ದ್ವಾರಪಾಲಕ. ತೊಳೆದರೆ ಅವನು ಹೋದ. ತಣ್ಣೀರಿನಲ್ಲಿ ತೊಳೆದರಂತೂ ಒಳಗಿನದು ಕುಗ್ಗಿ, ಹೊರಗಿನ ಕೊಳೆಯನ್ನು ತಾನೇ ಒಳಗೆ ಹೀರಿಕೊಳ್ಳುತ್ತದೆ. ಇಷ್ಟನ್ನೂ ಅವಳು ಸಹನೆಯಿಂದ ಕೇಳಿದಳು. ಆಮೇಲೆ ಹಿಕ್ಕೆ ಮೆತ್ತಿ ಪುಕ್ಕ ಅಂಟಿದ್ದ ಇನ್ನೊಂದು ಮೊಟ್ಟೆಯನ್ನು ನನ್ನ ಅಂಗೈಯಲ್ಲಿಟ್ಟು, "ನಿಮ್ಮ ದ್ವಾರಪಾಲಕನ್ನ ನೀವೇ ಬಾಣಲೆಗೆ ಹಾಕ್ಕೊಳ್ಳಿ" ಎಂದಳು.

ಕೊನೆಗೆ ಒಪ್ಪಂದವಾಯಿತು. ಚೊಕ್ಕವಾಗಿರುವ ಮೊಟ್ಟೆಗೆ ನೀರು ಸೋಕಿಸದೆ, ಚೂಪು ತುದಿ ಕೆಳಗೆ ಮಾಡಿ, ತಂಪು ಮೂಲೆಯ ಬುಟ್ಟಿಯಲ್ಲಿಡುವುದು. ಅಲ್ಪಸ್ವಲ್ಪ ಅಂಟಿದ್ದರೆ ಒಣಬಟ್ಟೆಯಲ್ಲಿ ಒರೆಸುವುದು. ತೀರಾ ಗಲೀಜಾದದ್ದನ್ನು ಮಾತ್ರ ನಾನೇ ಬೆಚ್ಚನೆಯ ನೀರಿನಲ್ಲಿ ತೊಳೆದು, ಒರೆಸಿ, ಕೂಡಲೇ ಫ್ರಿಜ್ಜಿಗೆ ಸೇರಿಸುವುದು. ಒಮ್ಮೆ ತೊಳೆದದ್ದು ಹೊರಗಿರಬಾರದು. ಇದನ್ನು ನಾನು ಎಷ್ಟು ಹೇಳಿದೆನೆಂದರೆ, ನಾನು ಬಾಯಿ ತೆರೆದರೆ ಸಾಕು, ಅವಳೇ ವಾಕ್ಯ ಮುಗಿಸುತ್ತಿದ್ದಳು.

ಅವಳದೂ ಒಂದು ಷರತ್ತಿತ್ತು. ಕೋಳಿಯ ಹೊಲಸು ಮನೆಯೊಳಗೆ ಯಾರ ಬಾಯಿಗಾದರೂ ಹೋಯಿತೋ, ಮೂರನ್ನೂ ಅವಳ ಅಣ್ಣನ ಮನೆಗೆ ಕಳಿಸುವುದು. ಅವಳಣ್ಣನಿಗೆ ಕೋಳಿ ಎಂದರೆ ಪ್ರಾಣ. ಯಾರ ಪ್ರಾಣ ಎಂದು ಬಿಡಿಸಿ ಹೇಳಬೇಕಿಲ್ಲ.

ನಾನು ಒಪ್ಪಿದೆ. ಆದರೆ ಸೊಟ್ಟಜುಟ್ಟಿಯ ಮುಖ ನೋಡಲು ಸಂಕಟವಾಯಿತು. ನಾನು ಮೆಟ್ಟಿಲ ಮೇಲೆ ಪೇಪರ್ ಓದುವಾಗ ಆ ಕೋಳಿ ಬಂದು ನನ್ನ ಪಾದದ ಮೇಲೆ ಕೂರುತ್ತದೆ. ನಮ್ಮ ಮನೆಯಲ್ಲಿ ನನ್ನ ಮಾತನ್ನು ತಲೆ ಓರೆ ಮಾಡಿ ಕೇಳುವ ಜೀವ ಅದೊಂದೇ.

ಹಾಗಾಗಿ ತೊಳೆಯುವ ಕೆಲಸದಲ್ಲಿ ಲೋಪವಾಗುವಂತಿರಲಿಲ್ಲ. 'ಬೆಚ್ಚಗೆ' ಎಂಬುದು ಕವಿಗಳ ಅಳತೆ. ನೀರು ಮೊಟ್ಟೆಗಿಂತ ಬಿಸಿಯಿರಬೇಕು, ಆದರೆ ಬೇಯಿಸುವಷ್ಟು ಇರಬಾರದು. ಔಷಧಿಯ ಡ್ರಾಯರಿನಲ್ಲಿ ಇದಕ್ಕೆಂದೇ ಹೇಳಿ ಮಾಡಿಸಿದಂಥ ಉಪಕರಣ ಸಿಕ್ಕಿತು. ಕೆಲಸವಾದ ಮೇಲೆ ಅದನ್ನು ಜಾಲಿಸಿ, ಒರೆಸಿ, ಎಲ್ಲಿತ್ತೋ ಅಲ್ಲೇ ಇಡುತ್ತಿದ್ದೆ. ತೆಗೆದ ವಸ್ತುವನ್ನು ಅದರ ಜಾಗಕ್ಕೆ ಮರಳಿಸುವುದು ಪ್ರಯೋಗಾಲಯ ನನಗೆ ಕಲಿಸಿದ ಶಿಸ್ತು.

ಅಷ್ಟರಲ್ಲಿ ಅತ್ತೆ ಬಂದರು. ನನ್ನ ಪಕ್ಷಕ್ಕೆ ಬಲ ಬಂತು. ದಿನಾ ಬೆಳಿಗ್ಗೆ ಒಂದು ಬೇಯಿಸಿದ ಮೊಟ್ಟೆ ತಿಂದು, ಅಂಗಡಿ ಮೊಟ್ಟೆಗೆ ಈ ರುಚಿ ಎಲ್ಲಿಂದ ಬರಬೇಕು ಎನ್ನುವರು. ಆ ಉತ್ತೇಜನದಲ್ಲಿ ನಾನು ಊಟದ ಮೇಜಿನಲ್ಲಿ ಸೂಕ್ಷ್ಮಾಣುಗಳ ಬಗ್ಗೆ ಉಪನ್ಯಾಸ ಆರಂಭಿಸಿದೆ. ಹಸಿ ಮೊಟ್ಟೆ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಯಾವುದನ್ನೂ ಮುಟ್ಟಕೂಡದು ಎಂದೆ. ಬುಟ್ಟಿಯನ್ನು ಸುಮ್ಮನೆ ಸರಿಸಿದ್ದಕ್ಕೆ ಅತ್ತೆಯನ್ನೇ ನಲ್ಲಿಗೆ ವಾಪಸು ಕಳಿಸಿದೆ. ಹೆಂಡತಿ ಗೊಣಗಿದಾಗ ಅತ್ತೆ, ಅಳಿಯಂದಿರ ಶುಚಿತ್ವದಲ್ಲಿ ಕಾಲುಭಾಗ ನಿನಗಿದ್ದರೆ ಸಾಕಿತ್ತು ಎಂದು ಮಗಳನ್ನೇ ಗದರಿದರು. ಆ ದಿನ ನಾನು ಎರಡು ಅನ್ನ ಹೆಚ್ಚು ತುತ್ತು ತಿಂದೆ. ಕ್ಷಮಿಸಿ, ಸಂತೋಷದಲ್ಲಿ ಮಾತೇ ಹಿಂದುಮುಂದಾಗುತ್ತದೆ.

ಒಂದು ಬೆಳಿಗ್ಗೆ ಹಿತ್ತಲಲ್ಲಿ ಮಗ್ಗಿನ ತುಂಬ ಬಿಸಿನೀರು ಹಿಡಿದು ಕೂತೆ. ತರಲು ಹೋದರೆ ಡ್ರಾಯರಿನಲ್ಲಿ ಉಪಕರಣವಿರಲಿಲ್ಲ. ತೆಗೆದ ವಸ್ತುವನ್ನು ಜಾಗಕ್ಕಿಡದ ಜನರ ಬಗ್ಗೆ ಮನಸ್ಸಿನಲ್ಲೇ ಬೇಸರಪಡುತ್ತ ನಡುಮನೆಗೆ ಬಂದು ಕೇಳಿದೆ:

"ನನ್ನ ಮೊಟ್ಟೆ ಥರ್ಮಾಮೀಟರ್ ಯಾರು ತಗೊಂಡ್ರಿ? ನೀರು ಆರ್ತಾ ಇದೆ."

ಅತ್ತೆ ಶಾಲು ಹೊದ್ದು ಕುರ್ಚಿಯಲ್ಲಿ ಕೂತಿದ್ದರು. ಸ್ವಲ್ಪ ಮೈ ಬೆಚ್ಚಗಿದೆ ಎಂದಿದ್ದರಂತೆ. ಉಪಕರಣ ಅವರ ನಾಲಿಗೆಯ ಕೆಳಗಿತ್ತು. ಅವರು ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಕಣ್ಣುಗಳೇ ಎಲ್ಲ ಮಾತಾಡಿದವು. ನಿಧಾನವಾಗಿ ಅದನ್ನು ಹೊರತೆಗೆದರು.

"ಯಾವ ಮೊಟ್ಟೆ?"

"ಗಲೀಜಾದದ್ದು ಮಾತ್ರ, ಅತ್ತೆ. ಆಮೇಲೆ ತೊಳೆದೇ ಇಡ್ತೀನಿ."

"ಯಾವುದರಲ್ಲಿ?"

ವಿಜ್ಞಾನ ಓದಿದವನು ಸುಳ್ಳು ಹೇಳಬಾರದು. "ಅದೇ ನೀರಲ್ಲಿ" ಎಂದೆ.

ಅತ್ತೆ ಎದ್ದು ಬಚ್ಚಲಿಗೆ ನಡೆದರು. ಬಹಳ ಹೊತ್ತು ಬಾಯಿ ಮುಕ್ಕಳಿಸುವ ಸದ್ದು ಕೇಳುತ್ತಿತ್ತು. ಹೆಂಡತಿ ಫೋನ್ ತೆಗೆದುಕೊಂಡು ಅಣ್ಣನ ನಂಬರ್ ಹುಡುಕತೊಡಗಿದಳು. ಷರತ್ತು ಷರತ್ತೇ. ಹಿತ್ತಲಲ್ಲಿ ಸೊಟ್ಟಜುಟ್ಟಿ, ಏನೂ ಅರಿಯದ ಮಗು, ಆಗಷ್ಟೇ ಇಟ್ಟ ಮೊಟ್ಟೆಯನ್ನು ಊರಿಗೆಲ್ಲ ಸಾರುತ್ತಿತ್ತು.

"ಫೋನ್ ಕೆಳಗಿಡೇ" ಎನ್ನುತ್ತ ಅತ್ತೆ ಹೊರಬಂದರು. ಮುಖ ಕೆಂಪಗಿತ್ತು, ಜ್ವರ ಮಾತ್ರ ಇಳಿದಂತಿತ್ತು. "ಕೋಳಿ ಏನು ಮಾಡ್ತು? ಮೊಟ್ಟೆ ಇಡೋ ಜಾಗದಲ್ಲಿ ಮೊಟ್ಟೆ ಇಟ್ಟಿದೆ. ಅದನ್ನ ತಂದು ನನ್ನ ಬಾಯಿಗಿಟ್ಟವರು ಇವರು. ಕಳಿಸೋದಾದ್ರೆ ಇವರನ್ನ ಕಳಿಸು."

ಹೆಂಡತಿ ಆ ಸಲಹೆಯನ್ನು ಗಂಭೀರವಾಗಿ ಪರಿಶೀಲಿಸಿದಳು. ಅಣ್ಣನಿಗೆ ನನ್ನಿಂದ ಉಪಯೋಗವಿಲ್ಲ ಎಂದು ತೋರಿರಬೇಕು, ಫೋನ್ ಕೆಳಗಿಟ್ಟಳು.

ಕೋಳಿಗಳು ಉಳಿದವು. ಥರ್ಮಾಮೀಟರನ್ನು ಗೂಡಿನ ಪಕ್ಕದ ಮೊಳೆಗೆ ನೇತುಹಾಕಲಾಯಿತು. ಡ್ರಾಯರಿಗೆ ಹೊಸದು ಬಂತು, ಡ್ರಾಯರಿಗೆ ಬೀಗವೂ ಬಂತು. ಆ ಸಂಜೆ ನಾನು ಮೊಟ್ಟೆ ಕೆಲಸ ಮುಗಿಸಿ ಬಂದಾಗ ಹೆಂಡತಿ ಹಿತ್ತಲ ಬಾಗಿಲಲ್ಲಿ ಮಗ್ಗು ಹಿಡಿದು ನಿಂತಿದ್ದಳು. ಕೈ ಚಾಚಲು ಹೇಳಿ ನೀರು ಸುರಿದಳು. ಬೆಚ್ಚಗಿತ್ತು.

"ತಣ್ಣೀರಾದ್ರೆ ಕೊಳೆ ಒಳಗೆ ಹೋಗುತ್ತಂತಲ್ಲ" ಎಂದಳು.

ಮೊಣಕೈವರೆಗೆ ಸೋಪು ಹಾಕಿಸಿದಳು, ಒಣಬಟ್ಟೆಯಿಂದ ಒರೆಸಿದಳು. ಮುಖ ಎತ್ತಲಾಗದೆ ನಾನು ಮತ್ತೆ ಸೊಟ್ಟಜುಟ್ಟಿಯ ಕಡೆಗೇ ಹೊರಟೆ. ಅವಳು ತೋಳು ಹಿಡಿದು ಒಳಗೆಳೆದುಕೊಂಡಳು.

"ಎಲ್ಲಿಗೆ? ತೊಳೆದದ್ದು ಹೊರಗಿರಬಾರದು."