ಗಿಡಿಯನ್ ಬಾಗಿಲು ತಟ್ಟಿದ ದಿನ

ನಮ್ಮ ಲ್ಯಾಬ್ರಡಾರ್ ಕರಾವಳಿಯ ಈ ಮೂಲೆಯಲ್ಲಿ ಯಾರೂ ಯಾರ ಮನೆಯ ಬಾಗಿಲನ್ನೂ ತಟ್ಟುವುದಿಲ್ಲ. ಬೂಟು ಕೊಡವಿ ಸೀದಾ ಒಳಗೆ ಬಂದು ಒಲೆಯ ಪಕ್ಕ ಕೂರುವುದೇ ಪದ್ಧತಿ. ತಟ್ಟುವವರು ಇಬ್ಬರೇ: ಸಾವಿನ ಸುದ್ದಿ ತರುವ ಪಾದ್ರಿ, ಕದ್ದು ಹೊಡೆದ ಕಡಲಬಾತುಗಳನ್ನು ಹುಡುಕಿಕೊಂಡು ಬರುವ ಸರ್ಕಾರದ ಬೇಟೆ ಸಾಹೇಬ. ಇದು ಗಿಡಿಯನ್ ರಂಬೋಲ್ಟನಿಗೆ ಗೊತ್ತಿಲ್ಲದ ವಿಷಯವಲ್ಲ. ಆದರೆ ಆವತ್ತು ಅವನ ಬುದ್ಧಿ ಅವನ ಹತ್ತಿರ ಇರಲಿಲ್ಲ.

ಕಡಲು ಹೆಪ್ಪುಗಟ್ಟುವ ಮುಂಚಿನ ಕೊನೆಯ ಹಡಗು ಮಧ್ಯಾಹ್ನ ಬರುವುದಿತ್ತು. ಅದರಲ್ಲಿ ಟ್ರೈಫೀನಾ ದಕ್ಷಿಣದ ಪಟ್ಟಣಕ್ಕೆ ಅಡುಗೆ ಕೆಲಸ ಹಿಡಿದು ಹೊರಟಿದ್ದಳು. ಗಿಡಿಯನ್ ಹನ್ನೊಂದು ವರ್ಷದಿಂದ ದಿನಾ ಸಂಜೆ ಅವಳ ಅಡುಗೆಮನೆಯಲ್ಲಿ ಕೂತು, ಚಹಾ ಕುಡಿದು, ಗಾಳಿಯ ದಿಕ್ಕಿನ ಬಗ್ಗೆ ಮಾತಾಡಿ ಎದ್ದು ಬಂದವನು. ಮದುವೆಯ ಮಾತು ಮಾತ್ರ ಮೀನಿನ ಮುಳ್ಳಿನಂತೆ ಗಂಟಲಲ್ಲೇ ಸಿಕ್ಕಿಕೊಂಡಿತ್ತು. ಇವತ್ತು ಕೇಳದಿದ್ದರೆ ಇನ್ನೆಂದೂ ಇಲ್ಲ. ಇಂಥ ಮಾತಿಗೆ ಒಂದು ಮರ್ಯಾದೆ ಬೇಕೆಂದು ಅಪ್ಪನ ಕರಿ ಕೋಟು ತೊಟ್ಟು, ಟೈ ಬಿಗಿದುಕೊಂಡು ಹೋಗಿ, ಅವಳ ಮನೆಯ ಬಾಗಿಲನ್ನು ಮೂರು ಸಲ ತಟ್ಟಿದ.

ಒಳಗೆ ದಡಬಡ ಸದ್ದಾಯಿತು. ಟ್ರೈಫೀನಾಳ ಅಪ್ಪ ಜೋಬ್, ಒಲೆಯ ಮೇಲೆ ಕುದಿಯುತ್ತಿದ್ದ ಬಾತಿನ ಸಾರನ್ನು ಪಾತ್ರೆ ಸಮೇತ ಎತ್ತಿಕೊಂಡು ಹಿತ್ತಿಲಿಂದ ಓಡಿ ಕಡಲಿಗೆ ಸುರಿದ. ಅವನು ಓಡಿದ್ದನ್ನು ಕಂಡ ಪಕ್ಕದ ಮನೆಯ ಸುಸನ್ನಾ ಅತ್ತೆ ಬಾತಿನ ಉಪ್ಪುಮಾಂಸದ ಪೀಪಾಯಿಯನ್ನೇ ಕಡಲಿಗೆ ಉರುಳಿಸಿದಳು. ಅವಳನ್ನು ಕಂಡು ಮಿಕ್ಕವರು. ಹತ್ತು ನಿಮಿಷದಲ್ಲಿ ಇಡೀ ಊರಿನ ಚಳಿಗಾಲದ ಊಟ ನೀರುಪಾಲಾಯಿತು.

ಟ್ರೈಫೀನಾ ಬಾಗಿಲು ತೆರೆದಳು. ಕರಿ ಕೋಟು ಕಂಡು ಅವಳ ಮುಖ ಬಿಳಿಚಿಕೊಂಡಿತು.

"ಯಾರು ತೀರ್ಕೊಂಡ್ರು, ಗಿಡಿಯನ್?"

"ಯಾರೂ ಇಲ್ಲ. ನಾನೇ, ಒಂದು ಮಾತು..."

ಮಾತು ಮುಂದೆ ಹೋಗುವಷ್ಟರಲ್ಲಿ ಖಾಲಿ ಪಾತ್ರೆ ಹಿಡಿದ ಜೋಬ್, ಅವನ ಹಿಂದೆ ಅರ್ಧ ಊರು ಬಂದು ನಿಂತಿತು. ತಟ್ಟಿದವನು ಇವನೇ ಎಂದು ತಿಳಿದಾಗ ಎಲ್ಲರಿಗೂ ಮೈಯೆಲ್ಲ ಉರಿಯಿತು.

"ನಿನ್ ಕೈ ಸೇದೋಗ," ಅಂದಳು ಸುಸನ್ನಾ ಅತ್ತೆ. "ಹನ್ನೊಂದು ವರ್ಷ ನೆಟ್ಟಗೆ ಒಳಗ್ ಬರ್ತಿದ್ದೋನಿಗೆ ಇವತ್ತೇನ್ ಬಂತು ರೋಗ?"

ಬೈಗುಳ ಮುಗಿಯುವ ಮೊದಲೇ ಹಡಗು ಬಂತು. ಅದರಿಂದ ಬೇಟೆ ಸಾಹೇಬನೇ ಇಳಿದ. ನಮ್ಮ ಪದ್ಧತಿಯನ್ನು ಯಾರಿಂದಲೋ ಕಲಿತು ಬಂದಿದ್ದ. ತಟ್ಟದೆಯೇ ಮನೆಮನೆಗೆ ನುಗ್ಗಿ ಮುಚ್ಚಳ ತೆಗೆದು ನೋಡಿದ. ಎಲ್ಲ ಕಡೆ ಬರೀ ಬೇಯಿಸಿದ ಆಲೂಗಡ್ಡೆ. ಒಂದು ಬಾತು ಸಿಕ್ಕಿದ್ದರೂ ಕೋವಿ, ದೋಣಿ ಎರಡೂ ಜಪ್ತಿಯಾಗುತ್ತಿದ್ದವು. ಪಾಪ, ಸಾಹೇಬ ಜೋಬನ ಮನೆಯಲ್ಲಿ ಚಹಾ ಕುಡಿದು ಸಪ್ಪೆ ಮುಖ ಹೊತ್ತು ಹಡಗಿಗೆ ಮರಳಿದ.

ಊರಿಗೆ ಊರೇ ಗಿಡಿಯನ್‌ನ ಕಡೆ ತಿರುಗಿತು. ಇವನಿಗೆ ಮೊದಲೇ ಸುಳಿವು ಸಿಕ್ಕಿರಬೇಕು, ಬಾಯಲ್ಲಿ ಹೇಳಿದರೆ ನಾವು ನಂಬುವವರಲ್ಲವೆಂದು ತಿಳಿದೇ ತಟ್ಟಿದ್ದಾನೆ ಎಂದು ಜೋಬ್ ಎಲ್ಲರಿಗೂ ವಿವರಿಸಿದ. ಸುಸನ್ನಾ ಅತ್ತೆ ಅವನ ಕೈಯನ್ನೇ ಕಣ್ಣಿಗೊತ್ತಿಕೊಂಡಳು. ನಲವತ್ತಮೂರು ವರ್ಷದಲ್ಲಿ ಗಿಡಿಯನ್‌ನನ್ನು ಯಾರೂ ಹೊಗಳಿರಲಿಲ್ಲ. ಸುಳ್ಳೇಕೆ ಹೇಳಲಿ, ಅವನಿಗೆ ಹಿತವಾಯಿತು.

ಹಡಗು ನಿಂತಿದ್ದ ದಕ್ಕೆಯ ಮೇಲೆ ಟ್ರೈಫೀನಾ ಪೆಟ್ಟಿಗೆ ಕೆಳಗಿಟ್ಟು ಅವನ ಟೈಯನ್ನೇ ನೋಡಿದಳು.

"ನಿಜ ಹೇಳು. ನೀನ್ ಬಂದಿದ್ದು ಸಾಹೇಬನ ಸುಳಿವು ಕೊಡೋಕೇನಾ?"

ಸುತ್ತ ಊರೆಲ್ಲ ನಿಂತಿತ್ತು. ಜೋಬನ ಕೈ ಅವನ ಹೆಗಲ ಮೇಲಿತ್ತು.

"ಹೌದು," ಅಂದ ಗಿಡಿಯನ್.

ಅವಳು ಒಂದು ಗಳಿಗೆ ಕಾದಳು. ಇನ್ನೂ ಒಂದು ಗಳಿಗೆ ಕಾದಳು. ಆಮೇಲೆ ತಾನೇ ಪೆಟ್ಟಿಗೆ ಎತ್ತಿಕೊಂಡು ಹಡಗು ಹತ್ತಿದಳು.